ಎಡಗೈಯಿಂದ ಕೊಟ್ಟ ಬನ್ನಿ

ಹನುಮಪ್ಪನ ಗುಡಿಯ ಮುಂದಿನ ಕಟ್ಟೆಗೆ ಮೂರು ಮೆಟ್ಟಿಲುಗಳಿವೆ. ನಾನು ನಡುವಿನ ಮೆಟ್ಟಿಲ ಮೇಲೆ, ಗುಡಿಗೆ ಬೆನ್ನು ಮಾಡಿ ನಿಂತಿದ್ದೆ. ನನ್ನ ಬಲಕ್ಕೆ ಹಿಟ್ಟಿನ ಗಿರಣಿ, ಎದುರಿಗೆ ಮುಂಡರಗಿಯಿಂದ ಬಂದು ಗುಡ್ಡದ ಕಡೆಗೆ ಹೋಗುವ ರಸ್ತೆ. ಅದು ವಿಜಯದಶಮಿಯ ಸಂಜೆ. ಊರ ಹೊರಗಿನ ಬನ್ನಿಗಿಡದಿಂದ ಪಲ್ಲಕ್ಕಿ ತಿರುಗಿ ಬಂದಿತ್ತು. ಬೀದಿದೀಪ ಇನ್ನೂ ಹತ್ತಿರಲಿಲ್ಲ, ಆದರೆ ಕೈಯಲ್ಲಿ ಹಿಡಿದ ಎಲೆಯ ಹಸಿರು ಕಾಣುವಷ್ಟು ಬೆಳಕಿತ್ತು. ಬೆಳಕಿನ ಮಾತನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಆಮೇಲೆ ಹಲವರು ಕತ್ತಲಾಗಿತ್ತು ಎಂದರು. ಕತ್ತಲಾಗಿರಲಿಲ್ಲ.

ನನ್ನ ಎಡಕ್ಕೆ, ಕೈ ಚಾಚಿದರೆ ತಾಗುವಷ್ಟು ಹತ್ತಿರದಲ್ಲಿ, ನಮ್ಮ ಕಡೆಯಿಂದ ಜಿಲ್ಲಾ ಪಂಚಾಯಿತಿಗೆ ಆರಿಸಿ ಹೋಗಿದ್ದವರು ನಿಂತಿದ್ದರು. ಊರಿನವರೆಲ್ಲ ಅವರನ್ನು ಮೆಂಬರ್ರು ಎಂದೇ ಕರೆಯುತ್ತಿದ್ದರು. ಆ ಸಂಜೆ ಅವರನ್ನು ಅಲ್ಲೇ ಕೊಂದರು. ಕೊಂದವನು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ಕೊಲ್ಲಿಸಿದವರು ಯಾರೆಂದು ಜನ ನೂರು ಮಾತಾಡುತ್ತಾರೆ. ನಾನು ನೋಡದ್ದನ್ನು ಬರೆಯುವುದಿಲ್ಲ.

ನಾನು ಬಸ್ಸಿನ ಕಂಡಕ್ಟರ್. ಮೊದಲು ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ ಎಂದು ತಿರುಗುತ್ತಿದ್ದೆ. ಆಮೇಲೆ ನಮ್ಮೂರಿನಿಂದ ಮುಂಡರಗಿ ಮೇಲೆ ಗದಗಿಗೆ ಹೋಗುವ ಬಸ್ಸು ಸಿಕ್ಕಿತು. ಮೆಂಬರ್ರು ಸಭೆಗೆ ಹೋಗುವುದು ಅದರಲ್ಲೇ. ಆರಿಸಿ ಬಂದ ಮೇಲೂ ಅವರು ಕಾರು ಮಾಡಲಿಲ್ಲ. ಸೀಟು ಖಾಲಿ ಇದ್ದರೂ ಕೂಡುತ್ತಿರಲಿಲ್ಲ. ಮೇಲಿನ ಸರಳು ಹಿಡಿದು ನಡುವೆ ನಿಂತರೆ ಹಿಂದಿನ ಸೀಟಿನವರಿಗೂ ಅವರ ಮಾತು ಕೇಳಬೇಕು.

"ಕುಂಡ್ರಿ ಮೆಂಬರ್ರ, ಬ್ರೇಕ್ ಹೊಡದ್ರ ಬೀಳ್ತೀರಿ" ಎಂದು ನಾನು ಹೇಳಿದರೆ, "ಲೇ, ಕುಂತ ಮೆಂಬರ್ರನ್ನ ಈ ಜಿಲ್ಲಾದಾಗ ಭಾಳ ನೋಡೀವಿ. ಒಬ್ಬಾಂವರ ನಿಂದರಲಿ ಬಿಡು" ಎನ್ನುವರು.

"ನಿಂತ್ರ ಟಿಕೀಟ ಕಡಿಮಿ ಆಗೂದಿಲ್ರಿ."

"ಆಗಬಾರದು! ನಾ ಪುಕಟ ಹೋದ್ರ ನಾಳೆ ಅದನ್ನ ಹಿಡಕೊಂಡ ನನ್ನ ಬಾಯಿ ಮುಚ್ಚಸ್ತಾರ."

ಅವರ ಬಾಯಿ ಮುಚ್ಚಿಸಲು ಬೇರೆ ಕಾರಣಗಳಿದ್ದವು. ಪರವಾನಗಿ ಇಲ್ಲದೆ ಹೊಳೆಯ ಉಸುಕು ಹೊತ್ತ ಲಾರಿಗಳು ನಮ್ಮ ರಸ್ತೆಯ ಮೇಲೆ ಹಾದು ಹೋಗುತ್ತಿದ್ದವು. ಕಪ್ಪತಗುಡ್ಡದ ಅಂಚಿನಲ್ಲಿ ಕಲ್ಲು ಒಡೆಯುವ ಸದ್ದು ಡೋಣಿಯ ತನಕ ಕೇಳುತ್ತಿತ್ತು. ಯಾವ ಲಾರಿ ಯಾರದು, ಯಾರ ಹೊಲದಲ್ಲಿ ಉಸುಕು ಗುಡ್ಡೆ ಬಿದ್ದಿದೆ ಎಂದು ಅವರು ಗದಗಿನ ಸಭೆಯಲ್ಲಿ ಎದ್ದು ನಿಂತು, ಹೆಸರು ಹಿಡಿದು ಹೇಳಿದರು. ಹೇಳಿದ್ದನ್ನೇ ವಾಪಸು ಬರುವಾಗ ಬಸ್ಸಿನಲ್ಲೂ ಹೇಳಿದರು. ಹಿರೇವಡ್ಡಟ್ಟಿಯ ಒಬ್ಬ ಮುದುಕಿ, "ಸಾಕಪ್ಪಾ, ನಿನ್ನ ಹೇಣ್ತಿ ಮಕ್ಕಳ ಮಾರಿ ನೋಡು" ಎಂದಳು. ಅವರು ನಕ್ಕರು. "ನನ್ನ ಹೇಣ್ತಿ ಮಾರಿ ನೋಡೇ ಬಂದೀನಬೇ. ಆಕಿನೂ ಹಂಗ ಅಂದಳು" ಎಂದರು. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ.

ಬೆದರಿಕೆ ಬಂದಿತ್ತು. ಹಾಗಾಗಿ ಅವರ ಚಿಕ್ಕಪ್ಪನ ಮಗ, ಕುಸ್ತಿ ಆಡಿದ ಆಳು, ಎಲ್ಲಿ ಹೋದರೂ ಅವರ ಬೆನ್ನಿಗೆ ಇರುತ್ತಿದ್ದ. ಅಪರಿಚಿತರು ಹತ್ತಿರ ಬಂದರೆ ಅಡ್ಡ ನಿಲ್ಲುತ್ತಿದ್ದ. ಆ ಸಂಜೆಯೂ ಅವನು ಕಟ್ಟೆಯ ಕೆಳಗೆ ನಿಂತಿದ್ದ. ಆದರೆ ಅದು ಬನ್ನಿ ಕೊಡುವ ಹೊತ್ತು. ನಮ್ಮ ಕಡೆ ದಸರೆಯ ದಿನ ಬನ್ನಿಯ ಎಲೆಯೇ ಬಂಗಾರ. ಸಣ್ಣವರು ದೊಡ್ಡವರಿಗೆ ಎಲೆ ಕೊಟ್ಟು ಕಾಲು ಮುಟ್ಟುತ್ತಾರೆ, ಸರೀಕರು ಎಲೆ ಬದಲಾಯಿಸಿ ಅಪ್ಪಿಕೊಳ್ಳುತ್ತಾರೆ. ವರ್ಷವೆಲ್ಲ ಮಾತು ಬಿಟ್ಟವರೂ ಆ ಹೊತ್ತಿಗೆ ಎದುರು ಬರುತ್ತಾರೆ. ಬನ್ನಿ ಹಿಡಿದು ಬಂದವನನ್ನು ಯಾರೂ ತಡೆಯುವುದಿಲ್ಲ, ಯಾವೂರು ಎಂದು ಕೇಳುವುದೂ ಇಲ್ಲ. ಸುತ್ತಲಿನ ಊರುಗಳಿಂದ ನೆಂಟರು ಬಂದಿರುತ್ತಾರೆ. ಚಿಕ್ಕಪ್ಪನ ಮಗ ಒಬ್ಬರಿಬ್ಬರನ್ನು ದಿಟ್ಟಿಸಿ ನೋಡುವುದನ್ನು ಕಂಡ ಮೆಂಬರ್ರೇ ಅವನಿಗೆ ಹೇಳಿದರು: "ಇವತ್ತರ ಸರದ ನಿಂದರೋ. ಬಂಗಾರ ತಂದವರನ್ನ ತಡದಿ ಅಂದ್ರ ಊರು ನಗತೈತಿ." ಅವನು ಸರಿದು ನಿಂತ.

ಎಲ್ಲರಂತೆ ಆ ಮನುಷ್ಯನೂ ಬಂದ. ಬಿಳಿ ಅಂಗಿ, ಬಲಭುಜದ ಮೇಲಿನಿಂದ ಇಳಿಬಿಟ್ಟ ಟವೆಲ್ಲು. ಮೊದಲು ನನಗೇ ಕೊಟ್ಟ.

ಇಲ್ಲಿ ನನ್ನ ಕೆಲಸದ ಒಂದು ರೂಢಿಯನ್ನು ಹೇಳಬೇಕು. ಕಂಡಕ್ಟರ್ ಆದವನು ಮುಖ ನೋಡುವುದಿಲ್ಲ. ತುಂಬಿದ ಬಸ್ಸಿನಲ್ಲಿ ಸೀಟುಗಳ ನಡುವಿನಿಂದ ಕೈಗಳು ಬರುತ್ತವೆ. ಕೈಗೆ ಟಿಕೀಟು, ಕೈಗೆ ಚಿಲ್ಲರೆ. ಇಳಿಯುವಾಗ ಈ ಕೈಗೆ ಕೊಟ್ಟಿದ್ದೇನೆ, ಆ ಕೈಗೆ ಕೊಡಬೇಕು ಎಂದೇ ನೆನಪಿರುತ್ತದೆ. ಆದ್ದರಿಂದ ಅವನ ಕೈ ನನಗೆ ಇವತ್ತಿಗೂ ಕಾಣುತ್ತದೆ. ಎಡಗೈ. ಹೆಬ್ಬೆರಳಿನ ಉಗುರು ಕಪ್ಪಾಗಿತ್ತು, ಪೆಟ್ಟು ಬಿದ್ದು ರಕ್ತ ಕಟ್ಟಿದ ಕಪ್ಪು. ಅಂಗೈಯ ಗೆರೆಗಳಲ್ಲಿ ತೊಳೆದರೂ ಹೋಗದ ಎಣ್ಣೆಯ ಮಸಿ. ಬಲಗೈ ಟವೆಲ್ಲಿನ ಕೆಳಗಿತ್ತು. ನಮ್ಮಲ್ಲಿ ಎಡಗೈಯಿಂದ ಯಾರೂ ಏನನ್ನೂ ಕೊಡುವುದಿಲ್ಲ, ಬನ್ನಿಯನ್ನಂತೂ ಇಲ್ಲವೇ ಇಲ್ಲ. ಬಲಗೈಗೆ ಏನೋ ಆಗಿರಬೇಕು, ಹಬ್ಬದ ದಿನ ಕೇಳಿ ಅವನ ಮನಸ್ಸು ನೋಯಿಸುವುದು ಬೇಡ ಎಂದುಕೊಂಡೆ. ಎಲೆ ತೆಗೆದುಕೊಂಡೆ, ನನ್ನ ಎಲೆ ಕೊಟ್ಟೆ. "ಬಂಗಾರ ತಗೊಂಡ ಬಂಗಾರದಂಗ ಇರೂಣ್ರಿ" ಎಂದ. ನಾನೂ ಹಾಗೇ ಅಂದೆ.

ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಮೆಣಸಿನಕಾಯಿ ವ್ಯಾಪಾರದ ಸಾಹುಕಾರರು ಕೂತಿದ್ದರು, ಊರಿಗೆ ಹಿರಿಯರು. ಅವನು ಎಲೆ ಕೊಟ್ಟು ಅವರ ಕಾಲು ಮುಟ್ಟಿದ. ಅವರು ತಲೆಯ ಮೇಲೆ ಕೈಯಿಟ್ಟು ಹರಸಿದರು. ಅವನು ಮುಖ ಎತ್ತಿ ಅವರನ್ನು ನೋಡಿದ. ನನಗೆ ಕಂಡದ್ದು ಅವನ ಬೆನ್ನು.

ಆಮೇಲೆ ಮೆಂಬರ್ರ ಎದುರು ಬಂದ. ಎಡಗೈ ಮುಂದೆ ಮಾಡಿದ.

"ಬಂಗಾರನ ಎಡಗೈಲೆ ಕೊಡ್ತಾರೇನೋ ಮಬ್ಬ!" ಎಂದು ಮೆಂಬರ್ರು ನಕ್ಕು, ಎರಡೂ ತೋಳು ಅಗಲಿಸಿ ಅವನನ್ನು ಅಪ್ಪಿಕೊಂಡರು.

ಬಹಳ ಹೊತ್ತೇನೂ ಅಲ್ಲ. ಎಲ್ಲರೂ ಅಪ್ಪಿಕೊಳ್ಳುವಷ್ಟೇ ಹೊತ್ತು. ಅವನು ಬಿಡಿಸಿಕೊಂಡು, ಅವಸರವಿಲ್ಲದೆ ಮೆಟ್ಟಿಲಿಳಿದು, ಗಿರಣಿಯ ಮಗ್ಗುಲಿಗೆ ಹೋದ. ಮೆಂಬರ್ರು ಮೆಟ್ಟಿಲ ಮೇಲೆ ಕೂತರು. ಎಂದೂ ಕೂಡದವರು ಕೂತದ್ದನ್ನು ನೋಡಿ ನಾನು ಚೇಷ್ಟೆ ಮಾಡಲು ಬಾಯಿ ತೆರೆದಿದ್ದೆ. ಎಲೆ ಹಿಡಿದ ಕೈಯನ್ನು ಅವರು ಪಕ್ಕೆಗೆ ಒತ್ತಿಕೊಂಡಿದ್ದರು. ಎಲೆಗಳ ನಡುವಿನಿಂದ ರಕ್ತ ಇಳಿಯುತ್ತಿತ್ತು. ನನ್ನ ಕಡೆ ನೋಡಿ, "ಯಾಂವ ಅಂವಾ?" ಎಂದು ಕೇಳಿದರು. ಅದು ಕೊನೆಯ ಮಾತು. ಮುಂಡರಗಿಯ ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು.

ಪೊಲೀಸರಿಗೆ ನಾನು ಇದನ್ನೆಲ್ಲ ಅದೇ ರಾತ್ರಿ ಹೇಳಿದೆ. ಬರೆದುಕೊಳ್ಳುತ್ತಿದ್ದ ಅಧಿಕಾರಿ ಕೆಟ್ಟವರಲ್ಲ, ದಣಿದಿದ್ದರು. "ಮುಖ ಹೇಳ್ರೆಪಾ. ಕೈಗೆ ವಾರಂಟ್ ಹೊರಡಸಾಕ ಬರೂದಿಲ್ಲ" ಎಂದರು. ಮುಖ ನನ್ನಲ್ಲಿರಲಿಲ್ಲ. ಯಾವುದೋ ಒಂದು ಮುಖವನ್ನು ಹೇಳಿಬಿಡಬಹುದಿತ್ತು. ಹೇಳಲಿಲ್ಲ.

ಗಿರಣಿ ನಡೆಸುತ್ತಿದ್ದ ಚಾಚಾ ಆ ಹೊತ್ತಿನಲ್ಲಿ ಅದರ ಬಾಗಿಲಲ್ಲಿ ನಿಂತಿದ್ದರು. ಬೈಕಿನ ಮೇಲೆ ಇನ್ನೊಬ್ಬ ಕಾಯುತ್ತಿದ್ದದ್ದನ್ನು, ಬೈಕು ಮುಂಡರಗಿಗೆ ಹೋಗದೆ ಗುಡ್ಡದ ಕಡೆ ಹೋದದ್ದನ್ನು ಹೇಳಿದರು. ಗಿರಣಿ ಸುಡುತ್ತೇವೆಂದು ಯಾರೋ ಹೇಳಿಕಳಿಸಿದರೂ ಮಾತು ಬದಲಿಸಲಿಲ್ಲ. ಎದುರು ಮನೆಯ ಹುಡುಗಿ ಹೊಸ್ತಿಲಿಗೆ ದೀಪ ಇಡುತ್ತಿದ್ದವಳು ಅಪ್ಪಿಕೊಂಡದ್ದನ್ನೂ ಕುಸಿದದ್ದನ್ನೂ ನೋಡಿದ್ದಳು. ಆದರೆ ಮುಖವನ್ನು ಎದುರಿನಿಂದ, ಕೈಯಳತೆಯಲ್ಲಿ ನೋಡಿದವರು ಸಾಹುಕಾರರು ಒಬ್ಬರೇ. ಅವರು ಪೊಲೀಸರಿಗೆ, "ಕಣ್ಣು ಮಬ್ಬು. ಕತ್ತಲಾಗಿತ್ತು" ಎಂದರು.

ನನಗೆ ಬೇರೆ ಹೇಳಿದರು. ಒಂದು ದಿನ ಅವರ ಮನೆಗೆ ಹೋಗಿ ಕೇಳಿದ್ದೆ. ಬಾಗಿಲು ಎಳೆದುಕೊಂಡು, ದನಿ ಇಳಿಸಿ, "ಅಂವನ ಕೈಯಾಗಿನ ಬಂಗಾರ ತಗೊಂಡೀನಿ. ತಲಿ ಮ್ಯಾಲ ಕೈ ಇಟ್ಟು ಚಲೋ ಆಗಲಿ ಅಂದೀನಿ. ಇನ್ನ ಅಂವನ ಮ್ಯಾಲ ಹೆಂಗ ಬಾಯಿ ಬಿಡ್ಲಿ?" ಎಂದರು.

"ಅಂವ ಬಂಗಾರ ಕೊಡಾಕ ಬಂದಿರಲಿಲ್ರಿ."

"ನಾ ತಗೊಂಡಿದ್ದು ಖರೆ ಅಲ್ಲೇನು?"

ಹೆದರಿಕೆಯೂ ಇತ್ತು, ಇಲ್ಲವೆನ್ನಲಾರೆ. ಮಗನ ಅಂಗಡಿ ಮುಂಡರಗಿಯ ಪೇಟೆಯಲ್ಲಿತ್ತು. ಆದರೆ ಬರೀ ಹೆದರಿಕೆಯೆಂದರೆ ಅವರಿಗೆ ಅನ್ಯಾಯ ಮಾಡಿದಂತೆ. ಆ ಎಲೆಗಳನ್ನು ಅವರು ದೇವರ ಜಗುಲಿಯ ಮೇಲಿಂದ ತೆಗೆದಿರಲಿಲ್ಲ. ಎಸೆಯಲೂ ಆಗದೆ ಪೂಜಿಸಲೂ ಆಗದೆ ಒದ್ದಾಡುತ್ತಿದ್ದರು. ಅವರ ತಟ್ಟೆಯಲ್ಲಿ ಇನ್ನೂರು ಜನರ ಎಲೆ ಇದ್ದಿರಬೇಕು. ಅವುಗಳಲ್ಲಿ ಅವನದು ಯಾವುದೆಂದು ಯಾರು ಹೇಳಬೇಕು?

ಸುಳಿವು ಸಿಗಲಿಲ್ಲ, ಕೇಸು ಮುಗಿಸಬಹುದು ಎಂದು ಪೊಲೀಸರು ಕೋರ್ಟಿಗೆ ಬರೆದರು. ಮೆಂಬರ್ರ ಹೆಂಡತಿ ಅದಕ್ಕೆ ತಕರಾರು ಹಾಕಿದರು. ತಾರೀಖು ಇದ್ದಾಗಲೆಲ್ಲ ಗದಗಿಗೆ ನನ್ನ ಬಸ್ಸಿನಲ್ಲೇ ಹೋಗುವರು. ಗಂಡನಂತೆ ನಿಲ್ಲುವುದಿಲ್ಲ. ಕಿಟಕಿ ಪಕ್ಕ ಕೂತು, ರೊಟ್ಟಿ ಕಟ್ಟಿದ ಚೀಲವನ್ನು ತೊಡೆಯ ಮೇಲಿಟ್ಟುಕೊಳ್ಳುವರು. ಒಮ್ಮೆ ಟಿಕೀಟು ಕೊಡುತ್ತ ನಾನು, "ಅಕ್ಕಾರ, ನಾ ಮುಖ ನೋಡಿದ್ರ ಚಲೋ ಇತ್ತು" ಎಂದೆ.

"ನೋಡಿಲ್ಲ ಅಂತ ಖರೆ ಹೇಳಿದ್ರಲ್ಲಣ್ಣಾರ. ಅಷ್ಟರ ಇರಲಿ. ಕೋರ್ಟಿನ್ಯಾಗ ವಕೀಲರು ಅಂದರು, ಮುಖ ನೋಡಿದವರು ಒಬ್ಬರರ ಬಂದು ನಿಂತು ಹೇಳಬೇಕಂತ. ಇಲ್ಲಂದ್ರ ಮುಚ್ಚತಾರಂತ." ಆಮೇಲೆ ಹೊರಗೆ ನೋಡುತ್ತ, "ಅವರಿಗೆ ಜೀವ ಹೋಗುವಾಗನೂ ಗೊತ್ತಾಗಲಿಲ್ಲ, ಯಾಂವ ಅಂತ. ನನಗರ ಗೊತ್ತಾಗಬೇಕಲ್ಲ" ಎಂದರು.

ಮುಂದಿನ ದಸರೆಗೆ ಅವರು ಹೊರಗೆ ಬರಲಿಲ್ಲ. ಅದರ ಮುಂದಿನ ದಸರೆಯ ಸಂಜೆ ಸೆರಗಿನಲ್ಲಿ ಬನ್ನಿ ಕಟ್ಟಿಕೊಂಡು ಬಂದರು. ಗಂಡ ಸತ್ತವಳು ಹಬ್ಬದ ಹೊತ್ತಿನಲ್ಲಿ ಮನೆ ಮನೆ ಹತ್ತುತ್ತಾಳೆಂದು ಕೆಲವರು ಗೊಣಗಿದರು. ಅವರು ಮನೆ ಮನೆ ಹತ್ತಲಿಲ್ಲ. ನೇರ ಸಾಹುಕಾರರ ಮನೆಗೆ ಹೋದರು. ನಾನು ಅಲ್ಲೇ, ಸಾಹುಕಾರರಿಗೆ ಎಲೆ ಕೊಟ್ಟು ಪಕ್ಕಕ್ಕೆ ನಿಂತಿದ್ದೆ.

"ಕಾಕಾ, ಬಂಗಾರ ತಗೋರಿ" ಎಂದು ಕಾಲು ಮುಟ್ಟಿದರು.

ಬೇಡವೆನ್ನಲು ಬರುವುದಿಲ್ಲ. ಮುದುಕರು ಎರಡೂ ಕೈ ಒಡ್ಡಿ ತೆಗೆದುಕೊಂಡರು. ತಲೆಯ ಮೇಲೆ ಇಡಲು ಹೋದ ಕೈ ಅರ್ಧಕ್ಕೇ ನಿಂತಿತು.

"ಇಡ್ರಿ ಕಾಕಾ, ಯಾಕ ತಡದ್ರಿ? ಅಂವನ ತಲಿ ಮ್ಯಾಲ ಇಟ್ಟಿದ್ರಿ."

"ಹಂಗ ಅನಬ್ಯಾಡವ್ವಾ."

"ಬೈಯಾಕ ಬಂದಿಲ್ರಿ. ಅಂವನ ಕಡಿಂದ ತಗೊಂಡ ಬಂಗಾರಕ್ಕ ಇಷ್ಟ ದಿವಸ ಸುಮ್ಮನ ಇದ್ರಿ. ಈಗ ನನ್ನ ಕಡಿಂದನೂ ತಗೊಂಡ್ರಿ. ನನ್ನ ಬಂಗಾರಕ್ಕ ಏನ್ ಮಾಡತೀರಿ?"

ಒಳಗಿನಿಂದ ಸೊಸೆ, "ಮಾಮಾರ, ಒಳಗ ಬರ್ರಿ, ಥಂಡಿ ಐತಿ" ಎಂದು ಕರೆದಳು. ಥಂಡಿ ಇರಲಿಲ್ಲ. ಸಾಹುಕಾರರು ಏಳಲಿಲ್ಲ. ಕೈ ಇಳಿಸಿ ಆಕೆಯ ತಲೆಯ ಮೇಲೆ ಇಟ್ಟರು. ಬಹಳ ಹೊತ್ತು ತೆಗೆಯಲೂ ಇಲ್ಲ. ಆಮೇಲೆ ನನ್ನ ಕಡೆ ತಿರುಗಿ, ಬೈಯುವವರಂತೆ ಕೇಳಿದರು: "ಏನ್ಲೇ ಕಂಡಕ್ಟರ, ನಿನ್ನ ಗಾಡಿ ಮುಂಜಾನಿ ಎಷ್ಟಕ್ಕ ಬಿಡತೈತಿ? ಜಲ್ದಿ ಬಿಡಬ್ಯಾಡ. ನನಗ ಮೆಟ್ಟಲಾ ಹತ್ತಾಕ ಹೊತ್ತು ಹಿಡೀತೈತಿ."

ಮುಂದಿನ ತಾರೀಖಿಗೆ ಬಂದರು. ಮಗ ಬಸ್ ನಿಲ್ದಾಣದ ತನಕ ಬಂದು ಜಗಳ ಮಾಡಿದ, ಆಮೇಲೆ ತಾನೇ ತಂದೆಯ ಕೈ ಹಿಡಿದು ಹತ್ತಿಸಿದ. ಕೋರ್ಟಿನಲ್ಲಿ ಸಾಹುಕಾರರು ಹುಬ್ಬು, ಹಲ್ಲು, ಗಲ್ಲದ ಮೇಲಿನ ಗುಳಿ ಎಲ್ಲ ಹೇಳಿದರು. ಕತ್ತಲಾಗಿರಲಿಲ್ಲ ಎಂದೂ ಹೇಳಿದರು. ಕೇಸು ಮುಚ್ಚಲಿಲ್ಲ. ಅಷ್ಟೇ ಆದದ್ದು. ಅಂಥ ಮುಖದವನು ಇನ್ನೂ ಸಿಕ್ಕಿಲ್ಲ. ಸಿಕ್ಕ ದಿನ, ಇವನೇ ಎಂದು ತೋರಿಸಲು ನೋಡಿದವರು ಬೇಕು.

ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ಗಿರಣಿಯ ಚಾಚಾ ಈ ಬೇಸಿಗೆಯಲ್ಲಿ ತೀರಿಕೊಂಡರು. ಮಣ್ಣಿಗೆ ಹೋದಾಗ ಮೆಂಬರ್ರ ಹೆಂಡತಿಯೂ ದೂರ ನಿಂತಿದ್ದರು. ಬೈಕು ಹೋದ ದಿಕ್ಕನ್ನು ಇನ್ನು ಕಾಗದವೇ ಹೇಳಬೇಕು.

ನೋಡಿದವರಲ್ಲಿ ಬದುಕಿರುವವರು ಇಷ್ಟು. ದೀಪ ಇಡುತ್ತಿದ್ದ ಹುಡುಗಿ ಇದ್ದಾಳೆ, ಯಳವತ್ತಿಗೆ ಕೊಟ್ಟಿದ್ದಾರೆ. ಅತ್ತೆಯ ಮನೆಯವರು ಸಾಕ್ಷಿ ಗೀಕ್ಷಿ ಬೇಡವೆಂದಿದ್ದಾರೆ, ಆಕೆ ಬೇಡವೆಂದಿಲ್ಲ. ಚಿಕ್ಕಪ್ಪನ ಮಗ ಇದ್ದಾನೆ. ಸರಿದು ನಿಂತದ್ದನ್ನು ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಬೈಕಿನ ಮೇಲೆ ಕಾಯುತ್ತಿದ್ದವನೂ ಎಡಗೈಯಿಂದ ಕೊಟ್ಟವನೂ ನೋಡಿದವರೇ. ಅವರು ಸತ್ತ ಖಬರು ಬಂದಿಲ್ಲ, ಇದ್ದಾರೆಂದೇ ನಾನು ಹಿಡಿದಿದ್ದೇನೆ. ನಾನಿದ್ದೇನೆ, ಒಂದು ಕೈಯನ್ನು ಗುರುತಿಸಬಲ್ಲೆ. ಮತ್ತೆ ಸಾಹುಕಾರರಿದ್ದಾರೆ. ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡಿದ್ದಾರೆ. ಅವನು ಸಿಕ್ಕ ದಿನಕ್ಕೆ ನನ್ನ ಬಸ್ಸಿನಲ್ಲಿ ಬಾಗಿಲ ಹತ್ತಿರದ ಸೀಟು ಹಿಡಿದಿಡಲು ಹೇಳಿದ್ದಾರೆ.