ಜೀಪು ಹಾರಿಸಿದ ಎರಡು ಗುಂಡು

ಪಿಯುಸಿ ಮುಗಿದ ವರ್ಷ ಜೀಪ್ ಗ್ಯಾರೇಜಿಗೆ ಸೇರುತ್ತೇನೆಂದು ನಾನು ಹೇಳಿದಾಗ ಅಪ್ಪ ಶುಂಠಿ ಹೊಲದ ಬದುವಿನ ಮೇಲೆ ಕುಳಿತಿದ್ದರು. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಯೂರಿದ ಮನೆತನ ನಮ್ಮದು. ನಮ್ಮಲ್ಲಿ ಗಾಡಿ ಎಂದರೆ ಟ್ರ್ಯಾಕ್ಟರ್, ಟ್ರ್ಯಾಕ್ಟರ್ ಎಂದರೆ ಗಂಡಸರದು. ಮಳೆಗಾಲದಲ್ಲಿ ಅದು ಕೆಸರಿನಲ್ಲಿ ಹೂತುಕೊಂಡಾಗ ಎತ್ತಿ ತರುವುದು ಅಣ್ಣನಿಗಿಂತ ನನಗೇ ಚೆನ್ನಾಗಿ ಬರುತ್ತದೆಂದು ಮನೆಯವರಿಗೆಲ್ಲ ಗೊತ್ತಿತ್ತು. ಬಾಯಿಬಿಟ್ಟು ಹೇಳುವವರು ಮಾತ್ರ ಯಾರೂ ಇರಲಿಲ್ಲ.

"ಏನವ್ವ, ಹೆಣ್ಮಗ್ಳು ಮೈಗೆಲ್ಲಾ ಗ್ರೀಸ್ ಬಳ್ಕೊಂಡು ಕೂತ್ರೆ ನೋಡ್ದೋರು ಏನಂತಾರೆ?" ಎಂದರು ಅಪ್ಪ.

"ನೋಡ್ದೋರು ಸೋಪು ತಂದ್ಕೊಡ್ಲಿ" ಎಂದೆ. ನನ್ನ ನಾಲಿಗೆ ಆಗಲೂ ಹಾಗೆಯೇ ಇತ್ತು.

ಎರಡು ದಿನ ಮಾತು ಬಿಟ್ಟು, ಕೊನೆಗೆ ಒಂದು ಷರತ್ತು ಹಾಕಿ ಒಪ್ಪಿದರು. ಯುಗಾದಿಯೊಳಗೆ ಯಾರಾದರೂ ನನ್ನನ್ನು ನಂಬಿ ಒಂದು ಗಾಡಿಯನ್ನು ಕೈಗೆ ಕೊಡಬೇಕು. ಇಲ್ಲವಾದರೆ ಸೋದರಮಾವನ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತ ನಿಲ್ಲಬೇಕು. ಆ ಅಂಗಡಿಯ ಟ್ಯೂಬ್‌ಲೈಟ್ ನೆನೆದರೇ ನನಗೆ ಉಸಿರು ಕಟ್ಟುತ್ತಿತ್ತು.

ತಿತಿಮತಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡೆ. ಅಲ್ಲಿಂದ ಕೂಗಳತೆಯ ದೂರದಲ್ಲಿ, ಕಾಡಿಗೆ ಬೆನ್ನು ಮಾಡಿಕೊಂಡು ಗ್ಯಾರೇಜು ನಿಂತಿತ್ತು. ಅದರ ಯಜಮಾನರ ಮನೆಮಾತು ಮಲಯಾಳಂ, ಊರಿಗೆಲ್ಲ ಅವರು ಕಾಕ. ತೋಟದವರ ಹಳೆಯ ಜೀಪುಗಳನ್ನು ಬಿಚ್ಚಿ, ದೊಡ್ಡ ಚಕ್ರ ಹಾಕಿ, ಸಿಕ್ಕಿಕೊಂಡ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ವಿಂಚ್ ಮುಂದೆ ಕೂರಿಸಿ, ಗುಡ್ಡ ಹಳ್ಳಗಳಲ್ಲಿ ಓಡುವ ಆಫ್‌ರೋಡ್ ಸ್ಪರ್ಧೆಗಳಿಗೆ ಸಜ್ಜು ಮಾಡುವುದು ಅವರ ಕಸುಬು.

"ಐಟಿಐ ಮಾಡಿದರೆ ಸರ್ಟಿಫಿಕೇಟ್ ಸಿಗ್ತದೆ ಮೋಳೆ, ಅದೂ ಬೇಕು, ಮುಂದೆ ಮಾಡು" ಎಂದರು ಮೊದಲ ದಿನ, ಅವರ ಭಾಷೆಯಲ್ಲಿ ಮಗಳೇ ಎಂದು ಕರೆದು. "ಆದರೆ ಈ ಲೈನಿನಲ್ಲಿ ಮೊದಲು ಗಾಡಿ ಅಡಿಯಲ್ಲಿ ಮಲಗಬೇಕು. ಆಮೇಲೆ ಪಕ್ಕದ ಸೀಟು. ಸ್ಟೇರಿಂಗ್ ಎಲ್ಲ ಕೊನೆಗೆ."

ಗಾಡಿಯ ಅಡಿಯಲ್ಲಿ ಮಲಗಿ ನಟ್ಟು ಬಿಚ್ಚಿದೆ, ಡೀಸೆಲ್‌ನಲ್ಲಿ ಬೇರಿಂಗ್ ತೊಳೆದೆ. ವಿಂಚಿನ ಹಗ್ಗ ಎಳೆತದಲ್ಲಿರುವಾಗ ಅದನ್ನು ದಾಟಬಾರದೆಂದು ಬೈಗುಳ ತಿಂದೇ ಕಲಿತೆ. ಯಾವ ದಾರಿಯನ್ನಾದರೂ ಮೊದಲು ಕಾಲಿನಲ್ಲಿ ನಡೆದು ನೋಡಿ ಆಮೇಲೆ ಗಾಡಿ ಹತ್ತಿಸಬೇಕೆಂದು ಕಾಕ ಹೇಳಿಕೊಟ್ಟರು. ಲೈಸೆನ್ಸೂ ಬಂತು. ಆದರೆ ನಂಬಿ ಗಾಡಿ ಕೊಡುವವರು ಯಾರೂ ಸಿಗಲಿಲ್ಲ. ತೋಟದ ಮಾಲೀಕರು ನನ್ನನ್ನು ನೋಡಿ ನಕ್ಕು, ಕಾಕನ ಹತ್ತಿರ "ಹುಡುಗರು ಯಾರೂ ಇಲ್ವಾ?" ಎಂದು ಕೇಳುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಕಾಫಿ ಕುಯ್ಲು ನಡೆಯುತ್ತಿದ್ದಾಗ ಶ್ರೀಮಂಗಲದ ಕಡೆಯ ಒಂದು ತೋಟದಿಂದ ಕರೆ ಬಂತು. ಅಲ್ಲಿನ ಕೊಡವ ಮನೆಯೊಂದರ ಯಜಮಾನರು ಒಂದು ಕಾಲದಲ್ಲಿ ಆಫ್‌ರೋಡ್ ಆಟದಲ್ಲಿ ದೊಡ್ಡ ಹೆಸರು ಮಾಡಿದವರು. ಈಗ ಹಾಸಿಗೆ ಹಿಡಿದಿದ್ದರು. ಮಗ ಸೈನ್ಯದಲ್ಲಿ. ಅವರ ಸೊಸೆ ತೋಟ, ಮನೆ, ರೋಗಿ ಮೂರನ್ನೂ ನೋಡಿಕೊಳ್ಳುತ್ತಿದ್ದರು. ವರ್ಷಗಳಿಂದ ಶೆಡ್ಡಿನಲ್ಲಿ ನಿಂತಿದ್ದ ಪೆಟ್ರೋಲ್ ಜೀಪನ್ನು ಮತ್ತೆ ಓಡುವಂತೆ ಮಾಡಬೇಕಿತ್ತು.

ನಾವು ಹೋದ ಬೆಳಿಗ್ಗೆ ಹತ್ತು ಗಂಟೆಯಾದರೂ ಮಂಜು ಕರಗಿರಲಿಲ್ಲ. ತೋಟದೊಳಗೆ ಕೆಲಸದವರು ಕಾಫಿ ಕೊಯ್ಯುವ ಸದ್ದು ಕೇಳುತ್ತಿತ್ತು, ಒಬ್ಬರೂ ಕಾಣುತ್ತಿರಲಿಲ್ಲ. ನಾನು ಟಾರ್ಪಾಲು ಎಳೆದೆ. ಡ್ರೈವರ್ ಸೀಟಿನಲ್ಲಿ ಕೂತವರ ಮೈಯ ಗುರುತು ಇನ್ನೂ ತಗ್ಗಾಗಿಯೇ ಉಳಿದಿತ್ತು. ಬಾನೆಟ್ಟಿಗೆ ಕೈ ಹಾಕಿದ್ದೇ ತಡ, ಗೋಡೆಯೊಳಗಿನಿಂದ ಮಾತು ಬಂತು.

"ಯಾರದು? ಕಾಕನ ಕೈ ಅಲ್ಲ ಅದು."

ಬೆಚ್ಚಿ ಹಿಂದೆ ಸರಿದೆ. ಶೆಡ್ಡಿನ ಗೋಡೆಯ ಆಚೆಗೇ ಅವರ ಕೋಣೆ, ಮೇಲ್ಗಡೆ ಒಂದು ಗವಾಕ್ಷಿ. ಅಲ್ಲಿಂದ ಹಗಲಿಡೀ ಅವರು ನಮ್ಮ ಕೆಲಸವನ್ನು ಕಿವಿಯಲ್ಲೇ ನೋಡುತ್ತಿದ್ದರು. ನಾನು ಕಾರ್ಬುರೇಟರ್ ಬಿಚ್ಚಿದರೆ ಕೆಮ್ಮು, ಪ್ಲಗ್ ತಿರುಗಿಸಿದರೆ "ಬಿಗಿ ಜಾಸ್ತಿ ಆಯ್ತು." ಮುಖ ಕಾಣದ ಮನುಷ್ಯನಿಂದ ಹೀಗೆ ಹೇಳಿಸಿಕೊಳ್ಳುವುದು ನನಗೆ ಒಂದಿಷ್ಟೂ ಹಿಡಿಸಲಿಲ್ಲ. ಮೂರನೆಯ ದಿನ ಗೋಡೆಗೆ ತಿರುಗಿ, "ತಾತ, ಕೆಲಸ ಮಾಡೋಕ್ ಬಿಡಿ, ಇಲ್ಲಾ ಎದ್ದು ಬಂದು ನೀವೇ ಮಾಡಿ" ಎಂದುಬಿಟ್ಟೆ. ಕಾಕ ತಲೆಯ ಮೇಲೆ ಕೈಯಿಟ್ಟುಕೊಂಡರು. ಗೋಡೆಯಾಚೆಯವರು ಕೊಡವ ಮಾತಿನಲ್ಲಿ ಮಗು ಎಂದು ಕರೆದು ಕೇಳಿದರು.

"ಕುಂಞಿ, ನಿನಗೆ ಓಡಿಸಲಿಕ್ಕೆ ಬರ್ತದಾ?"

"ಬರ್ತದೆ."

"ಹಾಗಾದರೆ ಗಾಡಿ ಸ್ಟಾರ್ಟ್ ಮಾಡಿ ನನ್ನನ್ನು ಒಂದು ಸಲ ಮೇಲೆ ಬಾಣೆಗೆ ಹತ್ತಿಸು. ಮಳೆಗಾಲದ ಆಟಕ್ಕೆ ಗಾಡಿ ನಿನ್ನ ಕೈಗೆ."

ಬಾಣೆ ಎಂದರೆ ಆ ತೋಟದ ನೆತ್ತಿಯ ಹುಲ್ಲುಗುಡ್ಡ. ದಾರಿ ಕೊರೆದುಹೋಗಿ ಬೇರೆ ಗಾಡಿಗಳು ಅಲ್ಲಿಗೆ ಹತ್ತುತ್ತಿರಲಿಲ್ಲ. ಅಂದು ಸಂಜೆಯೇ ಆ ದಾರಿಯನ್ನು ನಡೆದು ನೋಡಿ ಬಂದೆ. ಯುಗಾದಿ ಹತ್ತಿರವಿತ್ತು. ನನ್ನ ಬದುಕು ಈ ಒಂದು ತುಕ್ಕು ಹಿಡಿದ ಇಂಜಿನ್ನಿಗೆ ಕಟ್ಟಿಕೊಂಡಿದೆ ಎನಿಸಿ ನಿದ್ದೆ ಬರಲಿಲ್ಲ.

ಮರುದಿನ ಜೀಪನ್ನು ಅಂಗಳಕ್ಕೆ ತಳ್ಳಿ ಸೆಲ್ಫ್ ಹೊಡೆದೆವು. ಹೊಡೆದಷ್ಟೂ ಇಂಜಿನ್ ಗೊರಗೊರ ಎಂದು ಸುಮ್ಮನಾಗುತ್ತಿತ್ತು. ಹಾಗೆ ಸುಮ್ಮನಾದಾಗಲೆಲ್ಲ ಸುಡದ ಪೆಟ್ರೋಲ್ ಸೈಲೆನ್ಸರಿನಲ್ಲಿ ತುಂಬಿಕೊಳ್ಳುತ್ತಿತ್ತು. ಹಳೆಯ ಗಾಡಿಗಳಲ್ಲಿ ಇದು ಇದ್ದದ್ದೇ. ಇನ್ನೊಮ್ಮೆ ಕೀ ತಿರುಗಿಸಿದೆ. ಇಂಜಿನ್ ಹತ್ತಿಕೊಂಡಿತು, ಅದರ ಜೊತೆಗೆ ಸೈಲೆನ್ಸರ್ ಢಂ ಎಂದಿತು. ನಾನು ಉಸಿರೆಳೆದುಕೊಳ್ಳುವಷ್ಟರಲ್ಲಿ ಮತ್ತೊಮ್ಮೆ ಢಂ.

ಗೆದ್ದೆನೆಂದು ಕುಣಿಯಬೇಕೆಂದು ಕಾಕನ ಕಡೆ ತಿರುಗಿದರೆ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಕೈ ಚಾಚಿ ಇಂಜಿನ್ ಆರಿಸಿದರು. ತೋಟದಲ್ಲಿ ಕೊಯ್ಯುವ ಸದ್ದು ನಿಂತಿತ್ತು. ಹಕ್ಕಿಗಳೂ ಕೂಗುತ್ತಿರಲಿಲ್ಲ. ಸೊಸೆ ಬರಿಗಾಲಿನಲ್ಲಿ ಜಗಲಿಗೆ ಓಡಿಬಂದರು. ಅವರು ಜೀಪಿನ ಕಡೆ ನೋಡಲೇ ಇಲ್ಲ, ಮಾವನ ಕೋಣೆಯ ಬಾಗಿಲನ್ನು ನೋಡುತ್ತಿದ್ದರು.

ಬಯಲುಸೀಮೆಯ ಅಂಚಿನಿಂದ ಬಂದ ನನಗೆ ತಕ್ಷಣ ಹೊಳೆಯಲಿಲ್ಲ. ಕೊಡವರ ಮನೆಯಲ್ಲಿ ಸಾವಾದರೆ ಬಂದೂಕಿನಿಂದ ಎರಡು ಗುಂಡು ಹಾರಿಸುತ್ತಾರೆ. ಅದನ್ನು ಕೇಳಿದ ನೆರೆಹೊರೆಯವರು ಕೈಯ ಕೆಲಸ ಬಿಟ್ಟು, ಬಿಳಿ ಬಟ್ಟೆ ಉಟ್ಟು ಹೊರಡುತ್ತಾರೆ. ಈ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆಂದು ಆ ಕಣಿವೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಗವಾಕ್ಷಿಯಿಂದ ಮಾತು ಬಂತು. "ಯಾರು ಹೋದದ್ದು?"

"ಯಾರೂ ಇಲ್ಲ ಮಾವ. ಜೀಪು."

ಆಮೇಲೆ ತುಂಬ ನಿಧಾನವಾಗಿ, ನಿಜಕ್ಕೂ ಗೊತ್ತಿಲ್ಲದವರು ಕೇಳುವ ಹಾಗೆ, "ನಾನಲ್ಲವಲ್ಲ?" ಎಂದರು.

ಸೊಸೆ ಒಳಗೆ ಓಡಿ ಅವರ ಕೈ ಹಿಡಿದುಕೊಂಡು, "ನೀವಲ್ಲ ಮಾವ, ನೀವಲ್ಲ" ಎನ್ನುತ್ತಿದ್ದುದು ಹೊರಗೆ ಕೇಳುತ್ತಿತ್ತು.

ಫೋನ್ ಮಾಡಿ ತಡೆಯೋಣವೆಂದರೆ ಬೆಳಗಿನಿಂದ ಕರೆಂಟಿರಲಿಲ್ಲ. ಅಲ್ಲಿ ಕರೆಂಟು ಹೋದರೆ ಟವರೂ ಸಾಯುತ್ತದೆ. ಅರ್ಧ ಗಂಟೆಯೊಳಗೆ ನೆರೆಹೊರೆಯವರು ಬರತೊಡಗಿದರು. ಮೊದಲು ಮಂಜಿನಲ್ಲಿ ಬರೀ ಬಿಳುಪು ಅಲುಗಾಡಿತು. ಆಮೇಲೆ ಅದು ಬಿಳಿ ಸೀರೆಗಳಾಯಿತು, ಬಿಳಿ ಅಂಗಿಗಳಾಯಿತು. ತೋಟದ ಕೆಲಸದವರೂ ಕಾಫಿ ಗಿಡಗಳ ನಡುವಿನಿಂದ ಹೊರಬಂದು ಅಂಗಳದ ಅಂಚಿನಲ್ಲಿ ಸಾಲಾಗಿ ನಿಂತರು. ಪಕ್ಕದ ತೋಟದ ಮಾಲೀಕರ ಹೆಗಲ ಮೇಲೆ ಕೊಡಲಿ ಇತ್ತು. ಚಿತೆಗೆ ಮರ ಕಡಿಯುವ ಕೆಲಸವನ್ನು ಸಾವಿನ ಮನೆಯವರಿಗೆ ಬಿಡಬಾರದೆಂದು ತಂದಿದ್ದರು. ನಾನು ಜೀಪಿನ ಹಿಂದೆ ಅಡಗಿಕೊಳ್ಳಲು ನೋಡಿದೆ. ಕಾಕ ಅಲ್ಲಿ ಮೊದಲೇ ಅಡಗಿದ್ದರು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಸೊಸೆಯ ಹೆಗಲಿಗೆ ಒರಗಿ ಮುದುಕ ಹೊರಗೆ ಬಂದರು. ನಾನು ಅವರ ಮುಖ ನೋಡಿದ್ದು ಆಗಲೇ. ತೆಳ್ಳಗೆ, ಸುಣ್ಣದಂತೆ ಬೆಳ್ಳಗೆ. ಒಬ್ಬ ಹೆಂಗಸು ಚೀರಿದರು. ಮುದುಕ ತಮ್ಮ ಸಾವಿಗೆ ಬಂದವರನ್ನು ಒಬ್ಬೊಬ್ಬರನ್ನಾಗಿ, ಅವಸರವಿಲ್ಲದೆ ನೋಡಿದರು. ಕೊಡಲಿಯನ್ನೂ ನೋಡಿದರು.

"ಬಂದಿರಲ್ಲ" ಎಂದರು. "ಒಳ್ಳೆಯದಾಯ್ತು. ನನ್ನನ್ನು ಎತ್ತಿ ಜೀಪಿನಲ್ಲಿ ಕೂರಿಸಿ. ಬಾಣೆಗೆ ಹೋಗಬೇಕು."

ಬಂದವರೇ ಅವರನ್ನು ಎತ್ತಿ ಪಕ್ಕದ ಸೀಟಿನಲ್ಲಿ ಕೂರಿಸಿ, ಬೀಳದಂತೆ ಶಾಲು ಕಟ್ಟಿದರು. ನಾನು ಲೋ ಗೇರ್ ಹಾಕಿ ಹೊರಟೆ. ಕೊರಕಲು ಶುರುವಾಗುವಲ್ಲಿ ಕನ್ನಡಿ ನೋಡಿದೆ. ಬಂದವರೆಲ್ಲ ಹಿಂದೆಯೇ ನಡೆದು ಬರುತ್ತಿದ್ದರು. ಹೊರಟ ಕಾಲು ಹಾಗೆಯೇ ತಿರುಗಿ ಮನೆಗೆ ಹೋಗಲು ಒಪ್ಪಲಿಲ್ಲವೋ, ಮುದುಕನನ್ನು ನನ್ನ ಕೈಗೆ ಬಿಡಲು ಧೈರ್ಯವಾಗಲಿಲ್ಲವೋ. ಕನ್ನಡಿಯ ತುಂಬ ಬಿಳಿ ಬಟ್ಟೆಗಳು, ಪಕ್ಕದಲ್ಲಿ ಅವರು ಯಾರಿಗಾಗಿ ಬಂದಿದ್ದರೋ ಆ ಮನುಷ್ಯ. ಅವರ ಮೈಯ ಹಳೆಯ ತಗ್ಗಿನಲ್ಲಿ ನಾನು ಕೂತಿದ್ದೆ, ಪಕ್ಕದ ಸೀಟಿನಲ್ಲಿ ಅವರ ಮೈ ಈಗ ಮಗುವಿನಷ್ಟೇ ಜಾಗ ಹಿಡಿದಿತ್ತು.

"ಹಿಂದೆ ನೋಡಬೇಡ" ಎಂದರು. "ಕ್ಲಚ್ ಮೇಲಿಂದ ಕಾಲು ತೆಗೆ. ಅದೇ ಹತ್ತಲಿ."

ಕಡಿದಾದ ಜಾಗದಲ್ಲಿ ಚಕ್ರ ಜಾರಿ ಜೀಪು ಒಂದು ಗೇಣು ಪಕ್ಕಕ್ಕೆ ಸರಿಯಿತು. ನಡೆದು ನೋಡಿದ್ದರಿಂದ ಎಡಗಡೆ ಕಲ್ಲಿದೆಯೆಂದು ಗೊತ್ತಿತ್ತು. ಆ ಕಲ್ಲಿಗೆ ಚಕ್ರ ಕೊಟ್ಟೆ. ಹತ್ತಿತು.

ಮೇಲೆ ಇಂಜಿನ್ ಆರಿಸಲು ಹೇಳಿದರು. ಮಂಜು ಒಡೆಯುತ್ತಿತ್ತು. ಹಿಂದೆ ಬಂದವರು ಏದುಸಿರು ಬಿಡುತ್ತ ಜೀಪಿನ ಸುತ್ತ ನಿಂತರು. ಮುದುಕ ಬಹಳ ಹೊತ್ತು ಕೆಳಗಿನ ಗದ್ದೆಗಳನ್ನು ನೋಡಿದರು. ಆಮೇಲೆ ಕೊಡಲಿ ಹೊತ್ತವರ ಕಡೆ ತಿರುಗಿ, "ಅದನ್ನು ಇಲ್ಲಿವರೆಗೂ ಹೊತ್ತು ತಂದೆಯಲ್ಲ, ಅಷ್ಟು ಅರ್ಜೆಂಟಾ?" ಎಂದರು. ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ನನಗೆ ಮಾತ್ರ ಅಳು ಬಂತು. ಇಳಿದು ಬಂದ ಮೇಲೆ ಜೀಪಿನ ಕೀಯನ್ನು ಅವರು ನನ್ನ ಅಂಗೈಯಲ್ಲಿಟ್ಟರು. "ದಿನಾ ಓಡಿಸು. ನಿಂತರೆ ಗಾಡಿ ಸಾಯ್ತದೆ."

ಇವತ್ತು ಆಫ್‌ರೋಡ್ ಗಾಡಿಗಳೇ ನನ್ನ ಅನ್ನ. ಸಜ್ಜು ಮಾಡುತ್ತೇನೆ, ಓಡಿಸುತ್ತೇನೆ, ಕಲಿಸುತ್ತೇನೆ. ಅದೆಲ್ಲ ಶುರುವಾದದ್ದು ಆ ಕೀಯಿಂದ. ಕೀ ಸಿಕ್ಕ ರಾತ್ರಿಯೇ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಹುಷಾರು ಕಣವ್ವ" ಎಂದಷ್ಟೇ ಹೇಳಿ ಇಟ್ಟರು. ಅಂದಿನಿಂದ ದಿನವೂ ಬಾಣೆಯಲ್ಲಿ ಅಭ್ಯಾಸ. ಸೈಲೆನ್ಸರಿನ ಚಾಳಿ ಎಷ್ಟು ರಿಪೇರಿ ಮಾಡಿದರೂ ಪೂರ್ತಿ ಹೋಗಲಿಲ್ಲ. ಅದು ಢಂ ಎಂದ ದಿನ ಸಂಜೆ ಅಂಗಡಿಯಲ್ಲಿ ಎದುರಾದವರೆಲ್ಲ "ಇವತ್ತು ಯಾರನ್ನು ಕೊಂದೆ?" ಎಂದು ರೇಗಿಸುತ್ತಿದ್ದರು. ನಾನೂ ಒಬ್ಬೊಬ್ಬ ರಾಜಕಾರಣಿಯ ಹೆಸರು ಹೇಳುತ್ತಿದ್ದೆ.

ಕಾಫಿ ಒಣಗಿಸುವುದು ಇನ್ನೂ ಮುಗಿದಿರಲಿಲ್ಲ. ಒಂದು ಮಧ್ಯಾಹ್ನ ಜೀಪನ್ನು ಬಾಣೆಯ ಮೇಲೆ ನಿಲ್ಲಿಸಿ, ಹೊಸ ಇಳಿಜಾರೊಂದನ್ನು ನಡೆದು ನೋಡುತ್ತಿದ್ದೆ. ಢಂ, ಢಂ ಎಂದು ಕೇಳಿತು. ಮತ್ತೆ ಈ ಸೈಲೆನ್ಸರ್ ಎಂದು ಬೈದುಕೊಂಡು ಜೀಪಿನತ್ತ ತಿರುಗಿದೆ. ಜೀಪು ಸುಮ್ಮನೆ ನಿಂತಿತ್ತು. ಕೀ ನನ್ನ ಜೇಬಿನಲ್ಲಿತ್ತು.

ಕೆಳಗೆ ಪಕ್ಕದ ತೋಟದ ಕಣ ಕಾಣುತ್ತಿತ್ತು. ಕೊಡಲಿ ತಂದಿದ್ದ ಆ ಮಾಲೀಕರು ಅಲ್ಲಿ ಕಾಫಿ ಹರಡುತ್ತಿದ್ದರು. ಸದ್ದಿಗೆ ತಲೆಯೆತ್ತಿ, ಬಾಣೆಯ ಕಡೆ ನೋಡಿ, ನನ್ನನ್ನು ಕಂಡು, ಕೈ ಬೀಸಿದರು. ಮತ್ತೆ ಬಗ್ಗಿ ಕಾಫಿ ಹರಡತೊಡಗಿದರು.

ಹೇಗೆ ಇಳಿದೆನೋ ತಿಳಿಯದು. ಅಂಗಳದಲ್ಲಿ ಸೊಸೆ ಬಂದೂಕು ಹಿಡಿದು ನಿಂತಿದ್ದರು. ಮನೆಯಲ್ಲಿ ಗಂಡಸರು ಯಾರೂ ಇರಲಿಲ್ಲ, ತಾವೇ ಹಾರಿಸಿದ್ದರು. ಖಾಲಿ ದಾರಿಯನ್ನು ನೋಡುತ್ತಲೇ ಹೇಳಿದರು. "ಎರಡೂ ಹಾರಿಸಿದೆ. ಯಾರೂ ಬರ್ತಾ ಇಲ್ಲ."

ಅವತ್ತೂ ಟವರ್ ಇರಲಿಲ್ಲ. "ನಾನು ಕರ್ಕೊಂಡ್ ಬರ್ತೀನಿ ಅಕ್ಕ" ಎಂದು ಜೀಪು ತಿರುಗಿಸಿದೆ. ಕಾಕ ಪಕ್ಕದಲ್ಲಿಲ್ಲದೆ ನಾನು ಆ ಜೀಪನ್ನು ಗೇಟಿನಾಚೆ ಓಡಿಸಿದ್ದು ಅದೇ ಮೊದಲು.

ಕಣದ ಹತ್ತಿರ ನಿಲ್ಲಿಸಿದಾಗ ಆ ಮಾಲೀಕರು ನಗುತ್ತಲೇ ಎದ್ದು ಬಂದರು. "ಇವತ್ತು ಯಾರನ್ನು ಕೊಂದೆ?"

ಅವರು ಇನ್ನೂ ನಗುತ್ತಿದ್ದರು. ಆ ನಗು ನಿಲ್ಲುವವರೆಗೂ ಅವರ ಮುಖ ನೋಡುತ್ತ ಕೂತಿದ್ದೆ.

"ಜೀಪು ಅಲ್ಲ" ಎಂದೆ ಕೊನೆಗೆ.

ಅವರು ಮನೆಯ ಕಡೆ ನೋಡಿದರು, ಬಾಣೆಯ ಕಡೆ ನೋಡಿದರು. ಅವರ ಬಲಗೈ ತಾನಾಗಿ ಅರ್ಧ ಮೇಲೆದ್ದು ನಿಂತಿತು.

"ನಾನು ಕೈ ಬೀಸಿದೆನಲ್ಲ ಮಗಳೇ" ಎಂದರು.

ಬಿಳಿ ಬಟ್ಟೆ ಉಡಲು ಅವರು ಒಳಗೆ ಹೋದರು. ನಾನು ಜೀಪನ್ನು ಮುಂದಿನ ಮನೆಯ ಗೇಟಿಗೆ ತಿರುಗಿಸಿದೆ. ಅಲ್ಲಿಯೂ ಜಗಲಿಯ ಮೇಲೆ ನಿಂತಿದ್ದವರು ನನ್ನನ್ನು ಕಂಡು ನಗತೊಡಗಿದ್ದರು.