ಆಶಾಬಿ ತಂದ ಎರಡು ಕೂದಲಗಂಟು

ಆಶಾಬಿಯನ್ನು ನಾನು ಮೊದಲು ಕೂದಲಿನ ಡಾಕ್ಟರು ಎಂದು ತಿಳಿದಿದ್ದೆ. ತಪ್ಪು ಪೂರ್ತಿ ನನ್ನದಲ್ಲ. ವಿಜಯಪುರದ ನಮ್ಮ ಮನೆಯ ಬಾಗಿಲಲ್ಲಿ ನಿಂತು ಆಕೆ ನನ್ನ ಹೆಂಡತಿಗೆ, "ಈ ತಿಂಗಳ ಎಷ್ಟ ಉದರ್ಯಾವ್ರಿ ಅಕ್ಕಾರ?" ಎಂದು ಕೇಳುತ್ತಿದ್ದಳು. ಹೆಂಡತಿ ಕದದ ಹಿಂದಿನ ಮೊಳೆಗೆ ತೂಗಹಾಕಿದ್ದ ಕ್ಯಾರಿಬ್ಯಾಗು ತಂದುಕೊಡುತ್ತಿದ್ದಳು. ಆಕೆ ಅದರೊಳಗಿನ ಕೂದಲುಂಡೆಯನ್ನು ಬೆಳಕಿಗೆ ಹಿಡಿದು, ಎಳೆ ಜಗ್ಗಿ ನೋಡಿ, ಗಂಭೀರವಾಗಿ ತಲೆಯಾಡಿಸುತ್ತಿದ್ದಳು. ಇಷ್ಟು ತಪಾಸಣೆಯನ್ನು ಯಾವ ದವಾಖಾನೆಯಲ್ಲೂ ನಾನು ಕಂಡಿರಲಿಲ್ಲ. ಒಂದು ದಿನ ಧೈರ್ಯ ಮಾಡಿ ಹೊರಗೆ ಬಂದು ನನ್ನ ನೆತ್ತಿಯನ್ನೂ ಆಕೆಯ ಮುಂದೆ ಬಗ್ಗಿಸಿದೆ.

ಆಕೆ ಎರಡು ಕ್ಷಣ ನೋಡಿದಳು. "ಇಲ್ಲಿ ನನಗೇನೂ ಸಿಗೂದಿಲ್ಲ ಬಿಡ್ರಿ," ಎಂದು ತಕ್ಕಡಿ ಎತ್ತಿಕೊಂಡಳು.

ಹೆಂಡತಿ ನಕ್ಕು ಮುಗಿಸಲು ಅರ್ಧ ತಾಸು ಹಿಡಿಯಿತು, ವಿವರಿಸಿದ್ದು ಆಮೇಲೆ. ಆಶಾಬಿ ಕೂದಲು ಕೊಳ್ಳುವವಳು. ಬಾಚಣಿಗೆಗೆ ಬಂದ ಕೂದಲನ್ನು ಹೆಂಗಸರು ಕೂಡಿಟ್ಟರೆ ತೂಗಿ ಒಯ್ದು, ಬದಲಿಗೆ ಸ್ಟೀಲಿನ ಬಟ್ಟಲು, ಚಹಾ ಸೋಸುವ ಜರಡಿ, ಪಿನ್ನು ಕೊಡುತ್ತಾಳೆ. ಆ ಕೂದಲು ಚೌರಿ, ಟೋಪನ್ ಮಾಡುವವರಿಗೆ ಹೋಗುತ್ತದೆ. ಆಕೆಯ ಊರು ತಿಕೋಟಾ. ಸೋಮವಾರ ತೊರವಿ, ಮಂಗಳವಾರ ನಮ್ಮ ವಿಜಯಪುರ, ಬುಧವಾರ ಘೋಣಸಗಿ, ಗುರುವಾರ ಬಬಲೇಶ್ವರ ಮತ್ತು ಜೈನಾಪುರ. ಇಪ್ಪತ್ತೆರಡು ವರ್ಷದಿಂದ ಕಾಲ್ನಡಿಗೆ, ಸಿಕ್ಕರೆ ಟಂಟಂ ರಿಕ್ಷಾ. ಐವತ್ತೆಂಟರ ವಯಸ್ಸಿಗೆ ಎರಡೂ ಮಂಡಿ ನೋಯುತ್ತವೆ. ಜಡೆ ಮಾತ್ರ ಆ ನೋಯುವ ಮಂಡಿಯನ್ನೇ ಮುಟ್ಟುತ್ತದೆ.

ಜಾಹೀರಾತಿನ ಎಣ್ಣೆಗಳ ಬಗ್ಗೆ ಹೆಂಗಸರು ಆಕೆಯನ್ನೇ ಕೇಳುತ್ತಾರೆ. ಯಾವ ಮನೆಗೆ ಯಾವ ಬಾಟಲಿ ಬಂತು, ಮುಂದಿನ ತಿಂಗಳು ಆ ಮನೆಯ ಚೀಲ ಎಷ್ಟು ಹಗುರಾಯಿತು ಎಂಬುದು ಆಕೆಯ ತಕ್ಕಡಿಗೆ ಗೊತ್ತು. ಎಣ್ಣೆ ನಿಜವಾಗಿ ಕೆಲಸ ಮಾಡಿದರೆ ಮೊದಲು ಪೆಟ್ಟು ಬೀಳುವುದೂ ಆಕೆಯ ಹೊಟ್ಟೆಗೇ. "ಅಂಥಾ ಎಣ್ಣಿ ಬಂದಿದ್ರ ನಾ ಎಂದೋ ಧಂದೆ ಬಿಟ್ಟು ಕುಂದರ್ತಿದ್ದೆ," ಎನ್ನುತ್ತಾಳೆ.

ಕುಳಿತು ಉಣ್ಣುವ ಯೋಗ ಕಳೆದ ವರ್ಷ ಬಂದೇಬಂತು. ತಂದವರು ಬಬಲೇಶ್ವರದ ನಿವೃತ್ತ ಹೆಡ್‌ಮಾಸ್ತರ ಬಸಲಿಂಗಯ್ಯನವರು. ಅವರು ನಿವೃತ್ತರಾದದ್ದು ಶಾಲೆಗೆ ಗೊತ್ತಾಗಿದೆ, ಅವರಿಗೆ ಇನ್ನೂ ಇಲ್ಲ. ಚಹಾದಂಗಡಿಯಲ್ಲೂ ಕುಳಿತವರ ಹಾಜರಿ ತೆಗೆದುಕೊಳ್ಳುತ್ತಾರೆ. ಅವರು 'ಜಟಾಗರ್ಜನೆ' ಎಂಬ ಕೂದಲು ಬೆಳೆಸುವ ತೈಲದ ಏಜೆನ್ಸಿ ಹಿಡಿದು, ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ತೆರೆಯಲು ಹೊರಟಿದ್ದರು. ಅವರ ತಲೆಯ ಮೇಲೆ ಜಟೆ ಇರಲಿಲ್ಲ. ಗರ್ಜನೆಗೆ ಕೊರತೆ ಇರಲಿಲ್ಲ.

"ನೀ ಏನೂ ಮಾಡಬ್ಯಾಡವಾ," ಎಂದು ಅವರು ಆಶಾಬಿಗೆ ಹೇಳಿದರು. "ಅಂಗಡ್ಯಾಗ ಫ್ಯಾನಿನ ಕೆಳಗ ಈ ಕುರ್ಚಿ ಹಾಕ್ತೇನಿ. ಜಡಿ ಮುಂದ ಬಿಟ್ಟು ಕುಂದ್ರು. ಕೇಳಿದವ್ರಿಗೆ ಜಟಾಗರ್ಜನೆ ಅನ್ನು. ತಿಂಗಳಾ ಪಗಾರ."

ಆಶಾಬಿ ಕುರ್ಚಿಯನ್ನು ನೋಡಿದಳು. ಗಾದಿ ಹಾಕಿದ ಕುರ್ಚಿ. ನಡೆದು ಸವೆದ ಮಂಡಿಗೆ ಅದಕ್ಕಿಂತ ದೊಡ್ಡ ಆಸೆ ಇರಲಿಕ್ಕಿಲ್ಲ.

"ಮೊದಲ ನೋಡ್ತೇನ್ರಿ ಸರ್. ಆರ ಬಾಟ್ಲಿ ಕೊಡ್ರಿ, ನಾಕ ತಿಂಗಳು ಕೊಡ್ರಿ. ಕೆಲಸ ಮಾಡಿದ್ರ ಖುಷಿಲೆ ಬಂದು ಕುಂದರ್ತೇನಿ."

"ಸೈನ್ಸಿಗೇ ಪರೀಕ್ಷಾ ಇಡ್ತಿಯೇನ ನೀ?" ಎಂದರು ಮಾಸ್ತರರು. ಆದರೂ ಕೊಟ್ಟರು. ಫಲಿತಾಂಶ ನೂರಕ್ಕೆ ನೂರು ಎಂಬ ನಂಬಿಕೆ ಅವರದು.

ಆಗ ಬಬಲೇಶ್ವರದ ಸುಮಯ್ಯಾ, ಜೈನಾಪುರದ ಐಶ್ವರ್ಯ ಇಬ್ಬರಿಗೂ ಹೆರಿಗೆಯಾಗಿ ಮೂರು ತಿಂಗಳು. ಇಬ್ಬರ ಕೂದಲೂ ಮುಷ್ಟಿಗಟ್ಟಲೆ ಬರುತ್ತಿತ್ತು; ಚೀಲದ ತೂಕ ಹೆಚ್ಚುಕಡಿಮೆ ಒಂದೇ. ಆಶಾಬಿ ಮಾಸ್ತರರಿಗೆ ತಿಳಿಸಿಯೇ ಸುಮಯ್ಯಾಳಿಗೆ ಬಾಟಲಿಗಳನ್ನು ಕೊಟ್ಟಳು. ಐಶ್ವರ್ಯಳಿಗೆ ಅಡುಗೆಮನೆಯ ಕುಸುಬಿ ಎಣ್ಣೆಯನ್ನೇ ಹಚ್ಚಿಕೊ ಎಂದಳು. ಪ್ರತಿ ಗುರುವಾರ ಎರಡೂ ಮನೆಯ ಕೂದಲನ್ನು ತೂಗಿ, ಬೇರೆ ಬೇರೆ ಕಟ್ಟಿಟ್ಟಳು.

ಅಂಗಡಿಯ ಉದ್ಘಾಟನೆಗೆ ಮೂರು ದಿನ ಇದ್ದಾಗ ಮಾಸ್ತರರು ಕರಪತ್ರ ತಿದ್ದಲು ತಮ್ಮ ಹಳೆಯ ವಿದ್ಯಾರ್ಥಿಯಾದ ನನ್ನನ್ನು ಮನೆಗೆ ಕರೆದಿದ್ದರು. ಅಲ್ಲಿಗೇ ಆಶಾಬಿ ಬಂದಳು. ಮೇಜಿನ ಮೇಲೆ ಎರಡು ಚಿಕ್ಕ ಕೂದಲಗಂಟು ಇಟ್ಟಳು; ಒಂದಕ್ಕೆ ಕೆಂಪು ದಾರ, ಒಂದಕ್ಕೆ ಬಿಳಿ. ವಾಸನೆ ಹಿಡಿದು ಯಾರೂ ಪಾಸಾಗಬಾರದೆಂದು ಎರಡನ್ನೂ ಸೀಗೆಕಾಯಿಯಲ್ಲಿ ತೊಳೆದಿದ್ದಳು.

"ಇದರಾಗ ನಿಮ್ಮ ಎಣ್ಣಿ ಹಚ್ಚಿದ್ದು ಯಾವುದು, ಹೇಳ್ರಿ ಸರ್," ಎಂದು ಗೋಡೆಗೆ ಒರಗಿ ಕುಳಿತಳು.

ಮಾಸ್ತರರು ಕನ್ನಡಕ ಏರಿಸಿದರು. ಉತ್ತರಪತ್ರಿಕೆ ನೋಡುವವರಂತೆ ಎರಡನ್ನೂ ತಿರುವಿ ತಿರುವಿ ನೋಡಿ ಬಿಳಿ ದಾರದ ಗಂಟನ್ನು ಎತ್ತಿ ಹಿಡಿದರು. "ಈ ಹೊಳಪ ನೋಡ್ರಿ. ಇದಕ್ಕ ಪೋಷಣೆ ಅಂತಾರ. ಇನ್ನೊಂದು ಪಾಪ, ದಿಕ್ಕಿಲ್ಲದ ಕೂದಲಾ."

ನಾನು ಕರಪತ್ರದಲ್ಲಿ 'ಪೋಷಣೆ' ಎಂದು ಸೇರಿಸಿದೆ.

"ಅದು ಕುಸುಬಿ ಎಣ್ಣೀದ್ರಿ ಸರ್," ಎಂದಳು ಆಶಾಬಿ.

ನಾನು 'ಪೋಷಣೆ' ಹೊಡೆದುಹಾಕಿದೆ. ಅಡುಗೆಮನೆಯ ಬಾಗಿಲಲ್ಲಿ ಮಾಸ್ತರರ ಹೆಂಡತಿ ನೀಲಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

"ಅಲ್ಲಾ, ಸುಮಯ್ಯಾಂದು ಉದರೂದು ನಿಂತೈತೋ ಇಲ್ಲೋ?" ಎಂದರು ಮಾಸ್ತರರು.

"ನಿಂತೈತ್ರಿ. ಐಶ್ವರ್ಯಾಂದೂ ನಿಂತೈತಿ. ಹಡದ ಮ್ಯಾಲೆ ಉದರ್ತಾವು, ದೊಡ್ಡ ಜ್ವರ ಬಂದು ಹೋದ ಮ್ಯಾಲೂ ಉದರ್ತಾವು. ಆಮ್ಯಾಲೆ ತಾವ ನಿಂದರ್ತಾವು. ನಿಂತಾಗ ಯಾರ ಬಾಟ್ಲಿ ಕೈಯಾಗ ಇರ್ತೈತೋ ಅವರಿಗೆ ಹೆಸರ. ನಿಂದರಲಿಲ್ಲ ಅಂದ್ರ ಡಾಕ್ಟರ ಕಡೆ ಹೋಗಬೇಕ್ರಿ, ಅಂಗಡಿಗಲ್ಲ."

"ಹಂಗಾದ್ರ ನೀ ಏನೂ ಅನಬ್ಯಾಡ. ಸುಮ್ಮ ಕುಂದ್ರು. ಕುರ್ಚಿ ನಿಂದ, ಪಗಾರಾನೂ ನಿಂದ."

ಆಶಾಬಿಯ ಕೈ ತನ್ನಷ್ಟಕ್ಕೆ ಮಂಡಿಯ ಮೇಲೆ ಹೋಯಿತು. ಸ್ವಲ್ಪ ಹೊತ್ತು ಅಲ್ಲೇ ತಿಕ್ಕಿಕೊಳ್ಳುತ್ತಿದ್ದಳು.

"ನಾ ಸುಮ್ಮ ಕುಂತ್ರೂ ಜಡಿ ಮಾತಾಡ್ತೈತ್ರಿ ಸರ್. ಆ ಹೆಣ್ಮಕ್ಕಳೆಲ್ಲಾ ನನ್ನ ನೋಡಿ ತಗೋತಾರ. ಬ್ಯಾಡ್ರಿ."

ಗಂಟುಗಳನ್ನು ಚೀಲಕ್ಕೆ ಹಾಕಿ, ಗೋಡೆ ಹಿಡಿದು ಎದ್ದಳು. ಜೈನಾಪುರದ ಟಂಟಂ ಹೊರಡುವ ಹೊತ್ತಾಗಿತ್ತು.

ಮಾಸ್ತರರು ಆಕೆಯ ಹಿಂದೆ ಬಾಗಿಲವರೆಗೆ ಹೋದರು. ಗುಟ್ಟು ಕೇಳುವವರಂತೆ ದನಿ ತಗ್ಗಿಸಿದರು. ಮೂವತ್ತೈದು ವರ್ಷ ಪಾಠ ಹೇಳಿದ ದನಿ. ತಗ್ಗಿಸಿದರೂ ಎದುರು ಮನೆಯವರು ಹೊರಗೆ ಬಂದು ನಿಂತರು.

"ಆಶಾಬಿ, ಇರೂದ ಹೇಳವಾ. ನನ್ನ ತಲಿಮ್ಯಾಲೆ ನಿನ್ನಂಥಾ ಜಡಿ ಬರಬೇಕಂದ್ರ ನಾ ಏನ ಮಾಡಬೇಕು?"

ಆಶಾಬಿ ಚಪ್ಪಲಿ ಮೆಟ್ಟುತ್ತಲೇ ಹೇಳಿದಳು: "ನಮ್ಮವ್ವನ ಹೊಟ್ಟ್ಯಾಗ ಹುಟ್ಟಬೇಕಾಗಿತ್ರಿ ಸರ್."