ಅವ್ವ ಬಂದ್ ಮಾಡಿದ ಕೆಂಪು ಸ್ವಿಚ್ಚು

ಪುಣೆಯ ಹಡಪಸರ ಬಿಟ್ಟಾಗ ಬೆಳಗಿನ ಏಳು ಗಂಟೆ. ಜೀಪಿನಲ್ಲಿ ನಾನು, ಹೆಂಡತಿ ಸುನಂದಾ, ಎಪ್ಪತ್ತಾರರ ಅವ್ವ, ಹಿಂದೆ ಟ್ರೇಲರ್. ಮೊಣಕಾಲಿನ ಆಪರೇಷನ್ ಆದಮೇಲೆ ಎರಡು ವರ್ಷ ಅವ್ವ ಎಲ್ಲಿಗೂ ಬಂದಿರಲಿಲ್ಲ. ಆಕೆಗಾಗಿಯೇ ಭೋಸರಿಯಲ್ಲಿ ಮಂಚ, ಒಲೆ, ಫ್ಯಾನ್ ಇರುವ ಟ್ರೇಲರ್ ಕಟ್ಟಿಸಿದ್ದೆ. ಆಕೆ ಅದಕ್ಕೆ 'ಡಬ್ಬಿ' ಎಂದು ಹೆಸರಿಟ್ಟಿದ್ದಳು.

"ನಿನ್ನ ಡಬ್ಬ್ಯಾಗ ಬರ್ತೀನಿ. ಫ್ಯಾನ್ ನಿಂತ್ರ ಮಾತ್ರ ನನ್ನ ವಾಪಸ್ ಬಿಡಬೇಕು. ಮತ್ತ ಎಂದೂ ಕರೀಬ್ಯಾಡ," ಎಂದು ಶರತ್ತು ಹಾಕಿಯೇ ಹತ್ತಿದ್ದಳು.

ದೇಹೂ ರೋಡಿನಲ್ಲಿ ಮಿಲಿಟರಿ ಲಾರಿಗಳ ಹಿಂದೆ ತೆವಳಿದೆವು. ಎಂಬತ್ತು ಕಿಲೋಮೀಟರಿಗೆ ನಾಲ್ಕು ತಾಸು! ಕೆರೆ ದಂಡೆಯ ಕ್ಯಾಂಪಿನಲ್ಲಿ ಕರೆಂಟ್ ಪಾಯಿಂಟ್ ಇತ್ತು. ವಾಯರ್ ಜೋಡಿಸಿ, ರಾತ್ರಿಯೆಲ್ಲ ಟ್ರೇಲರಿನ ಬ್ಯಾಟರಿ ಚಾರ್ಜ್ ಆಗುತ್ತದೆಂದು ನಿಶ್ಚಿಂತನಾದೆ. ನೀರಿನ ಕಡೆ ಅಡ್ಡಾಡಿ ಬಂದು, ರೊಟ್ಟಿ, ಶೇಂಗಾ ಹಿಂಡಿ ತಿಂದು ಮಲಗಿದೆವು.

ಮರುದಿನ ಮಧ್ಯಾಹ್ನ ಕ್ಯಾಂಪಿನ ಕರೆಂಟ್ ಹೋಯಿತು. ಬ್ಯಾಟರಿಯ ಮೇಲೆ ಓಡಬೇಕಿದ್ದ ಫ್ಯಾನೂ ನಿಂತಿತು. ಅವ್ವ ಎದ್ದು ಕೂತಳು. ಕ್ಯಾಂಪಿನವರಿಂದ ಜನರೇಟರ್ ಬಾಡಿಗೆಗೆ ತಂದು ಚಾಲೂ ಮಾಡಿದೆ, ಫ್ಯಾನ್ ತಿರುಗಿತು. ಬ್ಯಾಟರಿ ತುಂಬಲೆಂದು ಎರಡು ತಾಸು ಪೆಟ್ರೋಲ್ ಸುಟ್ಟೆ. ಜನರೇಟರ್ ಆರಿಸಿದೊಡನೆ ಫ್ಯಾನ್ ಮತ್ತೆ ನಿಂತಿತು!

"ಬ್ಯಾಟರಿ ಕೈಕೊಟ್ಟದ," ಎಂದೆ. ಅಳು ಬರುವುದೊಂದು ಬಾಕಿ. ಸುನಂದಾ ಸಾಮಾನು ಕಟ್ಟತೊಡಗಿದಳು. ಕೊನೆಗೆ ಟ್ರೇಲರ್ ಕಟ್ಟಿದ ಭೋಸರಿಯ ಮಿಸ್ತ್ರಿಗೆ ಫೋನ್ ಹಚ್ಚಿದೆ. ಕೆಂಪು ಬಟನ್ ಚಾಲೂ ಇದೆಯೇ ಎಂದಷ್ಟೇ ಆತ ಮರಾಠಿಯಲ್ಲಿ ಕೇಳಿದ: "ಲಾಲ್ ಬಟಣ್ ಚಾಲೂ ಆಹೇ ಕಾ, ಸಾಹೇಬ್?"

ಬಾಗಿಲ ಪಕ್ಕದ ಕೆಂಪು ಸ್ವಿಚ್ಚು ಬ್ಯಾಟರಿಯ ಮೇನ್. ಅದು ಬಂದ್ ಇದ್ದರೆ ಬ್ಯಾಟರಿಯಿಂದ ಕರೆಂಟ್ ಬರುವುದಿಲ್ಲ, ಬ್ಯಾಟರಿಗೆ ಹೋಗುವುದೂ ಇಲ್ಲ. ನೋಡಿದರೆ ಬಂದ್! ಒತ್ತಿದೆ. ಪುಣೆಯಿಂದ ತುಂಬಿಸಿಕೊಂಡು ಬಂದಿದ್ದ ಚಾರ್ಜಿನಲ್ಲೇ ಫ್ಯಾನ್ ಗಿರಗಿರ ತಿರುಗಿತು.

"ಅದನ್ನ ನಾನss ಬಂದ್ ಮಾಡೇನಿ," ಎಂದಳು ಅವ್ವ. "ನಿನ್ನೆ ಅಡ್ಡಾಡ್ಲಿಕ್ಕೆ ಹೋಗೂಮುಂದ. ಮನಿ ಬಿಟ್ಟು ಹೊರಗ ಹೋಗೂಮುಂದ ಮೇನ್ ಬಂದ್ ಮಾಡಬಾರದೇನು?"

ಸುನಂದಾ ಕಟ್ಟಿದ್ದ ಗಂಟು ಕೈಬಿಟ್ಟಳು. "ಏನಂದ್ರಿ ಅತ್ತಿ? ಈ ಡಬ್ಬಿಗೆ ಮನಿ ಅಂದ್ರ್ಯಾ?"

"ಅಂದೆ, ಏನೀಗ?"

"ಮತ್ತ ನಿನ್ನ ಶರತ್ತು?" ಎಂದೆ.

"ನಾನss ನಿಲ್ಲಿಸಿದ್ದು ಅದರಾಗ ಬರೂದಿಲ್ಲ. ಚಹಾ ಇಡು."

ಇನ್ನೆರಡು ದಿನ ಉಳಿದೆವು. ನಾನು ಇಷ್ಟು ನಕ್ಕು ಎಷ್ಟು ಕಾಲವಾಗಿತ್ತೋ! ಹಡಪಸರಕ್ಕೆ ಮರಳಿ ಸಾಮಾನು ಇಳಿಸಿದ ಮೇಲೆ ಅವ್ವ ಟ್ರೇಲರಿನಿಂದ ಕೊನೆಗೆ ಇಳಿದಳು. ಕೆಂಪು ಸ್ವಿಚ್ಚು ಬಂದ್ ಮಾಡಿ, ಬಾಗಿಲು ಎಳೆದು, ನನ್ನ ಮುಂದೆ ಕೈಯೊಡ್ಡಿದಳು.

"ಇನ್ನೊಂದು ಕೀಲಿ ಕೊಡು. ಮನೀಗೆ ಒಂದss ಕೀಲಿ ಇರ್ತದೇನು?"